ಅಪ್ಪ ಕೇಳಿದ ಹೊಸ ಪುಸ್ತಕ

‘ನಮ್ಮ ಹಾಸನದ ಲಾಯರಮ್ಮನಿಗೆ ಬಹುಮಾನ ಬಂತಲ್ಲ, ಆ ಪುಸ್ತಕ ನಿಮ್ಮ ಏರಿಯಾ ಲೈಬ್ರರಿಗೆ ಬಂದಿದ್ಯಾ ನೋಡು ಮಗಳೇ’ ಅಂತ ಅಪ್ಪ ಕೇಳಿದ್ದು 2025ರ ಜೂನ್‌ನಲ್ಲಿ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳು ಬೆಂಗಳೂರಿನ ನನ್ನ ಮನೆಯಲ್ಲಿದ್ದರು. ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದು ಆಗ ತಿಂಗಳಾಗಿತ್ತಷ್ಟೆ.

‘ಲೈಬ್ರರಿ ಯಾಕಪ್ಪಾ, ಈಗಲೇ ಫೋನಲ್ಲಿ ಆರ್ಡರ್ ಮಾಡ್ತೀನಿ, ನಾಳೆ ಮನೆಗೇ ಬರುತ್ತೆ’ ಅಂದೆ.

‘ಬೇಡ. ಕೊಂಡ ಪುಸ್ತಕಾನ ಆಮೇಲೆ ಓದೋಣ ಅಂತ ಇಟ್ಟುಬಿಡ್ತೀನಿ. ವಾಪಸ್ ಕೊಡೋ ತಾರೀಕು ಹಾಕಿದ್ರೇ ನಾನು ಓದೋದು.’

ನನ್ನ ಶೆಲ್ಫ್‌ನಲ್ಲಿ ಆಗ ಓದದ ಹನ್ನೊಂದು ಪುಸ್ತಕಗಳಿದ್ದವು. ಎರಡರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಮಾತಾಡದೆ ಚಪ್ಪಲಿ ಹಾಕಿಕೊಂಡೆ.

ಆ ಶಾಖಾ ಗ್ರಂಥಾಲಯ ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಮೂರು ವರ್ಷದಿಂದ ಅದರ ಮುಂದೆಯೇ ಸ್ಕೂಟರ್‌ನಲ್ಲಿ ಓಡಾಡುತ್ತಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಓದುವ ಹಾಲ್‌ನಲ್ಲಿ ಒಂದು ಕುರ್ಚಿಯೂ ಖಾಲಿ ಇಲ್ಲ. ಎಲ್ಲರೂ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರು, ಎದುರಿಗೆ ಮನೆಯಿಂದಲೇ ತಂದ ಗೈಡ್‌ಗಳು. ಪಕ್ಕದಲ್ಲಿ ಪುಸ್ತಕ ಎರವಲು ಕೊಡುವ ವಿಭಾಗ. ಅಲ್ಲಿದ್ದದ್ದು ಇಬ್ಬರು ಅಜ್ಜಂದಿರು ಮತ್ತು ಒಂದು ಫ್ಯಾನ್.

‘ಬೂಕರ್ ಪುಸ್ತಕಾನಾ? ಬಂದಿಲ್ಲ ಮೇಡಂ’ ಅಂದ ಲೈಬ್ರರಿಯನ್, ‘ನಿಮಗೆ ಕನ್ನಡದಲ್ಲಿ ಬೇಕೋ, ಇಂಗ್ಲಿಷಲ್ಲೋ?’ ಅಂದರು.

‘ಅಪ್ಪನಿಗೆ. ಕನ್ನಡದಲ್ಲಿ.’

‘ಹಾಗಾದ್ರೆ ಇರಿ’ ಅಂತ ಹಿಂದಿನ ರ‍್ಯಾಕ್‌ಗೆ ಹೋದರು.

ಆ ಪ್ರಶ್ನೆಯಲ್ಲೇ ಉತ್ತರ ಇತ್ತು, ನನಗೆ ಹೊಳೆದಿರಲಿಲ್ಲ ಅಷ್ಟೆ. ‘ಹಾರ್ಟ್ ಲ್ಯಾಂಪ್’ ಹೊಸ ಪುಸ್ತಕವಾದದ್ದು ಇಂಗ್ಲಿಷಿನಲ್ಲಿ. ಅದರಲ್ಲಿರುವುದು ದೀಪಾ ಭಾಸ್ತಿ ಆರಿಸಿ ಅನುವಾದಿಸಿದ 12 ಕತೆಗಳು. ಬಾನು ಅವನ್ನು ಬರೆದದ್ದು 1990ರಿಂದ 2023ರ ನಡುವೆ. ‘ಕರಿ ನಾಗರಗಳು’ ಕತೆಯನ್ನು ಇಟ್ಟುಕೊಂಡು ಗಿರೀಶ್ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿ, ತಾರಾಗೆ ರಾಷ್ಟ್ರಪ್ರಶಸ್ತಿ ಬಂದೇ ಎರಡು ದಶಕ ಆಯಿತು. ಲಂಡನ್ನಿನಲ್ಲಿ ಚಪ್ಪಾಳೆ ಬಿದ್ದ ಮೇಲೆ ನಾವು ಹೊಸದು ಅಂತ ಹುಡುಕಿದ ಕತೆಗಳಲ್ಲಿ ಎಷ್ಟೋ ನಮ್ಮ ಲೈಬ್ರರಿಗಳ ರ‍್ಯಾಕಿನಲ್ಲೇ ಧೂಳು ತಿನ್ನುತ್ತಿದ್ದವು.

ಅವರು ತಂದುಕೊಟ್ಟದ್ದು ‘ಬೆಂಕಿ ಮಳೆ’ ಸಂಕಲನ. ಬೈಂಡ್ ಮಾಡಿಸಿದ ರಟ್ಟು, ಒಳಗೆ ತಾರೀಕಿನ ಚೀಟಿ. ಕೊನೆಯ ಮುದ್ರೆ 2011ರದು. ಹದಿನಾಲ್ಕು ವರ್ಷ ಅದನ್ನು ಯಾರೂ ಮನೆಗೆ ಒಯ್ದಿರಲಿಲ್ಲ. ವಿಳಾಸದ ದಾಖಲೆ, ಫೋಟೊ, ಸಣ್ಣದೊಂದು ಠೇವಣಿ ಕೊಟ್ಟು ನಾನು ಸದಸ್ಯೆಯಾದೆ.

ಹೊಸ ಪುಸ್ತಕ ಯಾಕೆ ಬೇಗ ಬರಲ್ಲ ಅಂತಲೂ ಕೇಳಿದೆ. ಪ್ರಕಾಶಕರು ಇಲಾಖೆಗೆ ಸಲ್ಲಿಸಬೇಕು, ಆಯ್ಕೆ ಸಮಿತಿ ನೋಡಬೇಕು, ಬೆಲೆ ನಿಗದಿಯಾಗಬೇಕು, ಸಗಟಿನಲ್ಲಿ ಕೊಂಡು ಜಿಲ್ಲೆಗಳಿಗೆ ಹಂಚಬೇಕು, ಅಲ್ಲಿಂದ ಶಾಖೆಗೆ ಬರಬೇಕು. ಅಷ್ಟರಲ್ಲಿ ಅಂಗಡಿಯಲ್ಲಿ ಎರಡನೇ ಮುದ್ರಣವೂ ಮುಗಿದಿರುತ್ತೆ! ಹಾಗಂತ ಇದು ಪುಕ್ಕಟೆ ಸೇವೆಯೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಈಗ ಅದು ತೆರಿಗೆಯ ಶೇ 6ರಷ್ಟು. ಬಾಡಿಗೆಯವರು ನಾವಲ್ಲ ಬಿಡಿ, ಓನರ್ ಕಟ್ಟೋದು ಅನ್ನಬಹುದು. ಓನರ್ ಅದನ್ನು ಯಾರಿಂದ ವಸೂಲಿ ಮಾಡ್ತಾರೆ?

ಲೈಬ್ರರಿಯನ್ ಮೇಜಿನ ಡ್ರಾಯರ್‌ನಿಂದ ಒಂದು ರಿಜಿಸ್ಟರ್ ತೆಗೆದರು. ಓದುಗರಿಗೆ ಬೇಕಾದ ಪುಸ್ತಕ ಬರೆಯಲು. ‘ಇದರಲ್ಲಿ ಬರೆದ್ರೆ ನಾನು ಮೇಲಿನವರಿಗೆ ಕಳಿಸೋಕಾದ್ರೂ ಆಗುತ್ತೆ. ಬಾಯಲ್ಲಿ ಕೇಳಿದ್ದು ಲೆಕ್ಕಕ್ಕೆ ಬರಲ್ಲ ಮೇಡಂ.’ ಆ ವರ್ಷದ ಪುಟದಲ್ಲಿ ಇದ್ದದ್ದು ಆರು ಹೆಸರು, ಆರೂ ಪರೀಕ್ಷೆಯ ಗೈಡ್‌ಗಳು.

ಮಾರನೇ ದಿನ ಅಪ್ಪನನ್ನೇ ಕರೆದುಕೊಂಡು ಹೋದೆ. ಕಾದಂಬರಿಯಲ್ಲಿ ನಾನು ಎರಡು ಬರೆದೆ. ಒಂದು ವಸುಧೇಂದ್ರರ ‘ತೇಜೋ-ತುಂಗಭದ್ರಾ’. 2019ರದು, ಲಿಸ್ಬನ್ನಿನ ನದಿಯನ್ನೂ ವಿಜಯನಗರದ ನದಿಯನ್ನೂ ಒಂದೇ ಕತೆಗೆ ತರುತ್ತದೆ. ಇನ್ನೊಂದು ವಿವೇಕ ಶಾನಭಾಗರ ‘ಸಕೀನಾಳ ಮುತ್ತು’, 2021ರದು. ಬೆಂಗಳೂರಿನ ಮಧ್ಯಮವರ್ಗದ ಗಂಡ, ಹೆಂಡತಿ, ಮಗಳ ಮನೆಯ ಕತೆ. ಮದುವೆಯಾದ ಗೆಳೆಯರಿಗೆ ಇದನ್ನೇ ಮೊದಲು ಕೊಡ್ತೀನಿ ನಾನು. ಗಂಡ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಎಷ್ಟು ನಂಬಬೇಕು ಅನ್ನೋದರಲ್ಲೇ ಅದರ ಮಜಾ.

‘ಬರೀ ಕಾದಂಬರಿನೇನಾ?’ ಅಂತ ಅಪ್ಪ ಪೆನ್ ಕಸಿದುಕೊಂಡರು. ಅವರು ಬರೆದ ಮೂರೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವು: ಡಿ.ಎಸ್. ನಾಗಭೂಷಣರ ‘ಗಾಂಧಿ ಕಥನ’, ಲಕ್ಷ್ಮೀಶ ತೋಳ್ಪಾಡಿಯವರ ‘ಮಹಾಭಾರತ ಅನುಸಂಧಾನದ ಭಾರತಯಾತ್ರೆ’, ಕೆ.ವಿ. ನಾರಾಯಣರ ‘ನುಡಿಗಳ ಅಳಿವು’. ನಡುವೆ ಮೂಡ್ನಾಕೂಡು ಚಿನ್ನಸ್ವಾಮಿಯವರ ಲೇಖನಗಳಿಗೂ ಬಂದಿತ್ತು. ಅಂದರೆ 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಕನ್ನಡದಲ್ಲಿ ಪ್ರಶಸ್ತಿ ಪಡೆದದ್ದು ಜೀವನಚರಿತ್ರೆ, ಪ್ರಬಂಧ, ವಿಮರ್ಶೆಗಳೇ. ಇದನ್ನು ಗಮನಿಸಿದ್ದು ಅಪ್ಪ. ನಾನಂತೂ ಕನ್ನಡದ ಹೊಸ ಪುಸ್ತಕ ಅಂದರೆ ಕತೆ-ಕಾದಂಬರಿ ಅಂತಲೇ ಅಂದುಕೊಂಡಿದ್ದೆ.

‘ಬೆಂಕಿ ಮಳೆ’ಯನ್ನು ಅಪ್ಪ ನಾಲ್ಕು ದಿನದಲ್ಲಿ ಮುಗಿಸಿದರು, ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಓದಿ. ಮುಗಿದ ರಾತ್ರಿ ಊಟದ ಹೊತ್ತಿಗೆ, ‘ನಿಮ್ಮಜ್ಜಿ ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ದಿನ ಏನಾಯ್ತು ಗೊತ್ತಾ ನಿಂಗೆ?’ ಅಂತ ಶುರು ಮಾಡಿದರು. ಮೂವತ್ತೊಂದು ವರ್ಷದಲ್ಲಿ ನನ್ನ ಹತ್ತಿರ ಒಮ್ಮೆಯೂ ಹೇಳದ ಮಾತು. ಅದು ನಮ್ಮ ಮನೆಯದ್ದು, ಇಲ್ಲಿ ಬರೆಯಲ್ಲ.

ಅಪ್ಪ ಈಗ ಹಾಸನದಲ್ಲಿದ್ದಾರೆ. ನಾವು ರಿಜಿಸ್ಟರ್‌ನಲ್ಲಿ ಬರೆದ ಐದರಲ್ಲಿ ಈವರೆಗೆ ಬಂದಿರೋದು ಒಂದೇ, ‘ಗಾಂಧಿ ಕಥನ’. ಫೋನ್ ಮಾಡಿ ಹೇಳಿದ್ದಕ್ಕೆ, ‘ನೀನು ತಗೊಂಡು ಓದು, ನಾನಿಲ್ಲಿ ಹುಡುಕ್ತೀನಿ’ ಅಂದರು. ದಪ್ಪ ಪುಸ್ತಕ. ಬಸ್ಸಿನಲ್ಲಿ ಒಂದು ಕೈಯಲ್ಲಿ ಹಿಡಿಯೋಕಾಗಲ್ಲ. ಚೀಟಿಯಲ್ಲಿ ಮೊದಲ ಮುದ್ರೆ ನನ್ನದೇ, ವಾಪಸ್ ಕೊಡೋಕೆ ಇನ್ನು ಒಂಬತ್ತು ದಿನ ಇದೆ.