ತಪ್ಪು ಬೆರಳಿನದಲ್ಲ

ಹಣ್ಣಾದ ಕಾಫಿಯನ್ನು ಎರಡು ಬೆರಳ ನಡುವೆ ಹಿಚುಕಿದರೆ ಬೀಜ ಜಾರಿ ಹೊರಬರುತ್ತದೆ. ಒಣಗಿದ ಚೆರ್ರಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಸದ್ದು ಬರುತ್ತದೆ. ಇವುಗಳನ್ನು ಯಾರೂ ಪುಸ್ತಕ ಓದಿ ಕಲಿತವರಿಲ್ಲ. ಕೈ ತಾನಾಗಿ ಕಲಿತ ವಿದ್ಯೆ ಇದು. ಇಂತಹ ನುರಿತ ಕೈಗಳೇ ಮೊಬೈಲ್ ಫೋನಿನ ಗಾಜಿನ ಮುಂದೆ ತಡವರಿಸುವುದನ್ನು ನಾವು ಸಂಘದ ಕಚೇರಿಯಲ್ಲಿ ದಿನವೂ ನೋಡುತ್ತಿದ್ದೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಅಡಿಕೆ ತೂಕದ ಚೀಟಿಯ ಚಿತ್ರವನ್ನು ತೋರಿಸಲು ಫೋನು ತೆಗೆದರು. ಚಿತ್ರ ತೆರೆಯಲೆಂದು ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಚಿತ್ರ ತೆರೆಯಲಿಲ್ಲ, ಅದರ ಮೇಲೊಂದು ಗುರುತು ಬಿದ್ದು, ಪಕ್ಕದಲ್ಲಿ ಕಸದ ಬುಟ್ಟಿಯ ಚಿಹ್ನೆ ಕಾಣಿಸಿಕೊಂಡಿತು. ಗಾಬರಿಯಲ್ಲಿ ಇನ್ನೆರಡು ಸಲ ಒತ್ತಿದರು. ಚೀಟಿ ಮಾಯವಾಯಿತು. “ನಮ್ಮ ಕೈಗೆ ಇದು ಒಗ್ಗುವುದಲ್ಲ ಮಾರಾಯ್ರೆ” ಎಂದು ಫೋನನ್ನು ಜೇಬಿಗಿಟ್ಟರು. ಚೀಟಿಯ ಇನ್ನೊಂದು ಪ್ರತಿಯನ್ನೇನೋ ನಾವು ಕೊಟ್ಟೆವು. ಆದರೆ ಅಂದಿನಿಂದ ಅವರು ಫೋನಿನ ಕೆಲಸವನ್ನೆಲ್ಲ ಮೊಮ್ಮಗಳಿಗೆ ಒಪ್ಪಿಸಿದರು. ಅವಳು ಓದಲು ಪೇಟೆಗೆ ಹೋದ ಮೇಲೆ ಹಣ ಕಳುಹಿಸಲು ಅಕ್ಕಪಕ್ಕದವರನ್ನು ಕರೆದು, ಗುಪ್ತ ಸಂಖ್ಯೆಯನ್ನೂ ಅವರಿಗೆ ಹೇಳುವ ಪ್ರಸಂಗ ಬಂತು. ಬೆರಳಿನ ಸಣ್ಣ ವಿಷಯ ಹೀಗೆ ದುಡ್ಡಿನ ದೊಡ್ಡ ವಿಷಯವಾಗಿ ಬೆಳೆಯುತ್ತದೆ.

ತಪ್ಪು ಅವರದೇ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಕ್ರಮಬದ್ಧವಾಗಿಯೇ ಪರೀಕ್ಷಿಸಿದ್ದಾರೆ. ಆ ವಿಚಾರವನ್ನು ಸದಸ್ಯ ಬಂಧುಗಳ ಮುಂದಿಡಬಯಸುತ್ತೇವೆ.

ಬಳಸುವವರನ್ನೇ ಕೇಳಿದ ಪ್ರಯೋಗ

ಬೆರಳಿನ ಯಾವ ಚಲನೆಗೆ ಯಾವ ಕೆಲಸ ಎಂಬುದನ್ನು ಸಾಮಾನ್ಯವಾಗಿ ಯಂತ್ರ ತಯಾರಿಸುವವರೇ ನಿರ್ಧರಿಸಿ, ಜನರು ಅದನ್ನು ಕಲಿಯಲಿ ಎಂದು ಬಿಡುತ್ತಾರೆ. 2009ರಲ್ಲಿ ಅಮೆರಿಕದ ಜೇಕಬ್ ವಾಬ್ರಾಕ್, ಮೆರಿಡಿತ್ ರಿಂಗೆಲ್ ಮಾರಿಸ್ ಮತ್ತು ಆಂಡ್ರ್ಯೂ ವಿಲ್ಸನ್ ಎಂಬ ಮೂವರು ಸಂಶೋಧಕರು ಈ ಕ್ರಮವನ್ನು ತಿರುಗಿಸಿ ನೋಡಿದರು. ಮೇಜಿನಷ್ಟು ಅಗಲದ ಟಚ್‌ಸ್ಕ್ರೀನಿನ ಮುಂದೆ ತಾಂತ್ರಿಕ ಪರಿಣತರಲ್ಲದ 20 ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿದರು. ಮೊದಲು ಫಲವನ್ನು ತೋರಿಸುತ್ತಿದ್ದರು. ಉದಾಹರಣೆಗೆ, ತೆರೆಯ ಮೇಲಿನ ವಸ್ತುವೊಂದು ತಾನಾಗಿ ದೊಡ್ಡದಾಗುತ್ತಿತ್ತು. ಆಮೇಲೆ, “ಹೀಗಾಗಬೇಕಾದರೆ ನೀವು ಕೈಯಲ್ಲಿ ಏನು ಮಾಡುತ್ತೀರಿ?” ಎಂದು ಕೇಳುತ್ತಿದ್ದರು. ಯಂತ್ರ ಸರಿ, ತಪ್ಪು ಎಂದು ಏನನ್ನೂ ಹೇಳುತ್ತಿರಲಿಲ್ಲ. ಆದ್ದರಿಂದ ಯಂತ್ರಕ್ಕೆ ಹೆದರಿ ಬೆರಳು ದಾರಿ ಬದಲಿಸುವ ಪ್ರಮೇಯವೇ ಇರಲಿಲ್ಲ. ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹೇಳುತ್ತಾ ಮಾಡಬೇಕೆಂಬುದೊಂದೇ ಕಟ್ಟಳೆ.

ಹೀಗೆ 27 ಕೆಲಸಗಳಿಗೆ, ಒಂದು ಕೈಯಲ್ಲಿ ಒಮ್ಮೆ, ಎರಡು ಕೈಯಲ್ಲಿ ಒಮ್ಮೆ ಎಂದು ಒಟ್ಟು 1,080 ಚಲನೆಗಳು ದಾಖಲಾದವು. ಅವುಗಳಿಂದ ತಿಳಿದುಬಂದ ಮುಖ್ಯ ಸಂಗತಿಗಳು ಇವು:

ಒಂದು, ಎಷ್ಟು ಬೆರಳು ಬಳಸಿದೆವು ಎಂಬುದನ್ನು ಜನ ಗಮನಿಸುವುದೇ ಅಪರೂಪ. ಒಂದು ಬೆರಳಿಗೆ ಒಂದು ಅರ್ಥ, ಮೂರು ಬೆರಳಿಗೆ ಇನ್ನೊಂದು ಅರ್ಥ ಎಂದು ಯಂತ್ರದವರು ಇಟ್ಟರೆ ಎಡವಟ್ಟಾಗುವುದು ಸಹಜ.

ಎರಡು, ಎರಡು ಕೈಗಿಂತ ಒಂದು ಕೈಯಲ್ಲಿ ಮಾಡುವುದೇ ಜನರಿಗೆ ಇಷ್ಟ.

ಮೂರು, ಹಳೆಯ ಅಭ್ಯಾಸ ಬಿಡುವುದಿಲ್ಲ. ಕಂಪ್ಯೂಟರಿನ ಮೌಸ್ ಹಿಡಿದು ರೂಢಿಯಾದವರು ಗಾಜಿನ ಮೇಲೂ ಅದರ ಪದ್ಧತಿಯನ್ನೇ ಅನುಸರಿಸಿದರು.

ನಾಲ್ಕು, ವಸ್ತುವನ್ನು ಸರಿಸುವಂತಹ ಸರಳ ಕೆಲಸಕ್ಕೆ ಬಹುತೇಕರು ಒಂದೇ ಚಲನೆ ಮಾಡಿದರು. ಕೆಲಸ ಕ್ಲಿಷ್ಟವಾದಷ್ಟೂ ಒಬ್ಬೊಬ್ಬರದು ಒಂದೊಂದು ದಾರಿಯಾಯಿತು. ಅಂತಹ ಕೆಲಸಕ್ಕೆ ಗುಟ್ಟಿನ ಚಲನೆ ಇಡುವುದರ ಬದಲು ತೆರೆಯ ಮೇಲೆ ಕಣ್ಣಿಗೆ ಕಾಣುವ ಗುಂಡಿ ಇಡಬೇಕೆಂದು ಸಂಶೋಧಕರು ಅಭಿಪ್ರಾಯಪಟ್ಟರು.

ಇನ್ನೊಂದು ಸ್ವಾರಸ್ಯವಿದೆ. ಈ ಮೂವರು ತಾವೂ ಪ್ರತ್ಯೇಕವಾಗಿ ಕುಳಿತು ಚಲನೆಗಳನ್ನು ಯೋಚಿಸಿದ್ದರು. ಜನರಿಂದ ಆಯ್ದ ಚಲನೆಗಳಲ್ಲಿ ನೂರಕ್ಕೆ ಸುಮಾರು 60 ಮಾತ್ರ ಈ ಪರಿಣತರಿಗೆ ಹೊಳೆದಿದ್ದವು. 2010ರಲ್ಲಿ ಬೇರೆ 22 ಮಂದಿಯ ಮುಂದೆ ಎರಡೂ ಬಗೆಯ ಚಲನೆಗಳನ್ನಿಟ್ಟಾಗ, ಹೆಚ್ಚು ಜನ ಸೇರಿ ಸೂಚಿಸಿದ ಸರಳ ಚಲನೆಗಳೇ ಅವರಿಗೆ ಹಿಡಿಸಿದವು.

ನಮ್ಮ ಕೈಯ ಮಾತು

ಆ ಪ್ರಯೋಗ ನಡೆದದ್ದು ಅಮೆರಿಕದಲ್ಲಿ, ಮೌಸ್ ರೂಢಿಯಿದ್ದ ಜನರ ನಡುವೆ. ಕತ್ತಿ, ದೋಟಿ, ಕುಕ್ಕೆ ಹಿಡಿದ ಕೈ ತರುವ ಅಭ್ಯಾಸವೇ ಬೇರೆ. ನಮ್ಮ ಕೆಲಸದಲ್ಲಿ ಒತ್ತಿದಷ್ಟೂ ಫಲ ಜಾಸ್ತಿ. ಫೋನಿನ ಲೆಕ್ಕ ಹಾಗಲ್ಲ. ಬೆರಳು ಎಷ್ಟು ಬಲವಾಗಿ ಬಿತ್ತೆಂಬುದನ್ನು ಅದು ಸಾಮಾನ್ಯವಾಗಿ ನೋಡುವುದಿಲ್ಲ, ಎಷ್ಟು ಹೊತ್ತು ಇತ್ತೆಂಬುದನ್ನು ನೋಡುತ್ತದೆ. ಸುಮಾರು ಅರ್ಧ ಸೆಕೆಂಡು ಮೀರಿದರೆ ಅದನ್ನು ಬೇರೆಯೇ ಆಜ್ಞೆಯೆಂದು ತಿಳಿಯುತ್ತದೆ. ನಮ್ಮ ಹಿರಿಯರಿಗೆ ಆದದ್ದು ಇದೇ.

ಗಾಜಿನ ಕೆಳಗೆ ಅತಿ ಸಣ್ಣ ವಿದ್ಯುತ್ ಕ್ಷೇತ್ರವಿದ್ದು, ಚರ್ಮ ತಾಗಿದಾಗ ಅದರಲ್ಲಿ ಆಗುವ ಬದಲಾವಣೆಯಿಂದ ಫೋನು ಸ್ಪರ್ಶವನ್ನು ಗುರುತಿಸುತ್ತದೆ. ದಡ್ಡುಗಟ್ಟಿದ ಒಣ ಬೆರಳು ಅಥವಾ ರಬ್ಬರ್ ಕೈಗವಸು ತಾಗಿದರೆ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮಳೆಹನಿ ಬಿದ್ದರೆ ಅದನ್ನೇ ಬೆರಳೆಂದು ಭ್ರಮಿಸುವುದೂ ಉಂಟು.

ಬಳಸುವವರ ಬಳಿಗೇ ಹೋಗುವ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಕೊಳೆಗೇರಿಗಳ ಮನೆಗೆಲಸದ ಹೆಂಗಸರ ಜೊತೆ ಕುಳಿತು, ಅಕ್ಷರವಿಲ್ಲದೆ ಚಿತ್ರ ಮತ್ತು ಧ್ವನಿಯಿಂದಲೇ ಕೆಲಸ ಹುಡುಕಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ರೂಪಿಸಿ 2006ರಲ್ಲಿ ವರದಿ ಮಾಡಿದರು.

ಸದಸ್ಯರಿಗೆ ಸೂಚನೆಗಳು

1. ಬೆರಳನ್ನು ಹಗುರವಾಗಿ ತಾಗಿಸಿ, ಕೂಡಲೇ ಎತ್ತಿರಿ. ಕೆಲಸವಾಗದಿದ್ದರೆ ಜೋರಾಗಿ ಒತ್ತುವುದರಿಂದ ಪ್ರಯೋಜನವಿಲ್ಲ.

2. ಬೆರಳು ನಿಧಾನವಾಗಿ ಏಳುವವರಿಗಾಗಿ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ ಎಂಬ ಭಾಗವಿದೆ. ಅಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು. ಮನೆಯ ಮಕ್ಕಳಿಂದ ಒಮ್ಮೆ ಮಾಡಿಸಿಕೊಂಡರೆ ಸಾಕು.

3. ಕೈ ಮತ್ತು ಗಾಜು ಎರಡನ್ನೂ ಒರೆಸಿಕೊಂಡೇ ಹಣದ ವ್ಯವಹಾರಕ್ಕೆ ತೊಡಗಿರಿ.

4. ಗುಪ್ತ ಸಂಖ್ಯೆಯನ್ನು ನೀವೇ ಒತ್ತಿರಿ. ನಿಧಾನವಾದರೂ ಚಿಂತೆಯಿಲ್ಲ.

ಕಲಿಸುವ ಮಕ್ಕಳಿಗೂ ಒಂದು ಮಾತು. “ಅಯ್ಯೋ ಅಜ್ಜಾ, ಹಾಗಲ್ಲ” ಎಂದು ಫೋನು ಕಸಿದುಕೊಳ್ಳಬೇಡಿ. “ನೀವಾದರೆ ಹೇಗೆ ಮಾಡುತ್ತೀರಿ?” ಎಂದು ಮೊದಲು ಕೇಳಿರಿ. ಅವರ ಬೆರಳು ಹೋದ ದಾರಿ ನೋಡಿದರೆ ಎಲ್ಲಿ ಎಡವುತ್ತಾರೆಂಬುದು ತಾನಾಗಿ ತಿಳಿಯುತ್ತದೆ.

ನಾವೂ ಕಚೇರಿಯಲ್ಲಿ ಇದೇ ಕ್ರಮ ಹಿಡಿಯಲು ಯೋಚಿಸಿದ್ದೇವೆ. ಧಾರಣೆ ನೋಡುವುದು, ಚೀಟಿ ದೊಡ್ಡದು ಮಾಡುವುದು, ತಪ್ಪಿದ್ದನ್ನು ಹಿಂದಕ್ಕೆ ಪಡೆಯುವುದು ಮುಂತಾದ ಕೆಲಸಗಳನ್ನು ಹೇಳಿ, ಸದಸ್ಯರ ಬೆರಳು ಎತ್ತ ಹೋಗುತ್ತದೆಂದು ಬರೆದಿಟ್ಟುಕೊಳ್ಳುತ್ತೇವೆ. ಮುಂದೆ ಸಂಘಕ್ಕೆ ಯಾರಾದರೂ ಆ್ಯಪ್ ಮಾಡಿಕೊಡಲು ಬಂದರೆ ಮೊದಲು ಆ ಪಟ್ಟಿಯನ್ನು ಅವರ ಮುಂದಿಡಬಹುದು. ತೂಕ ಹಾಕಿಸಲು ಬಂದಾಗ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಬೇಕೆಂದು ಸದಸ್ಯರನ್ನು, ಅದರಲ್ಲೂ ಹಿರಿಯರನ್ನು ಮತ್ತು ಮಹಿಳೆಯರನ್ನು, ಕೋರುತ್ತೇವೆ. ಬೆರಳಿಗೆ ಚೊಗರು ಹತ್ತಿದ್ದರೂ ಸಂಕೋಚ ಬೇಡ.