ಭಂಗಾರಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ: ಹಳೆಯ ಲ್ಯಾಪ್‌ಟಾಪ್‌ನಲ್ಲಿರಬಹುದು ಸಂಘದ ಚರಿತ್ರೆ

ಮುಂಬಯಿ: ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ಕಚೇರಿಯ ಕಪಾಟು ತೆರೆದರೆ ಹಳೆಯ ರಶೀದಿ ಪುಸ್ತಕ, ಉಳಿದುಹೋದ ಶಾಲು, ಸ್ಮರಣಿಕೆಗಳ ನಡುವೆ ಒಂದೆರಡು ಹಳೆಯ ಲ್ಯಾಪ್‌ಟಾಪ್‌ಗಳು ಸಿಗುವುದು ಅಪರೂಪವೇನಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತ ಮೇಲೆ ಈ ರಾಶಿ ಇನ್ನಷ್ಟು ಬೆಳೆಯುತ್ತಿದೆ. ಭಂಗಾರ್‌ವಾಲಾ ತೂಕಕ್ಕೆ ಹಾಕಿ ಕೊಡುವ ಹಣ ಅಷ್ಟಕ್ಕಷ್ಟೇ. ಆದರೆ ಕೊಡುವ ಮೊದಲು ಅದರೊಳಗೆ ಏನಿದೆ ಎಂದು ಪದಾಧಿಕಾರಿಗಳು ನೋಡುವುದು ಒಳಿತು.

2000ದ ದಶಕದಲ್ಲಿ ನಮ್ಮ ಸ್ಮರಣ ಸಂಚಿಕೆ, ಸದಸ್ಯರ ಯಾದಿ, ವಾರ್ಷಿಕ ವರದಿಗಳು ಬರಹ, ನುಡಿ ಅಥವಾ ಪುಣೆಯ ಶ್ರೀಲಿಪಿ ತಂತ್ರಾಂಶದಲ್ಲಿ ಟೈಪ್ ಆಗಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿಸಿಕೊಳ್ಳುತ್ತಿದ್ದವು. ಆ ಅಕ್ಷರಗಳು ಇಂದಿನ ಯೂನಿಕೋಡ್ ಅಲ್ಲ. ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಕೆಟ್ಟಿತೆಂದು ಅಳಿಸಿಬಿಡುವವರೇ ಹೆಚ್ಚು. ನಿಜವಾಗಿ ಫೈಲು ಕೆಟ್ಟಿಲ್ಲ, ಅದಕ್ಕೆ ಹೊಂದುವ ಫಾಂಟ್ ಅಲ್ಲಿಲ್ಲ ಅಷ್ಟೆ. ಪೇಜ್‌ಮೇಕರ್ ಅಂತೂ 2001ರ ಏಳನೇ ಆವೃತ್ತಿಗೇ ನಿಂತುಹೋಯಿತು. ಹಾಗಾಗಿ ವಿಂಡೋಸ್ ಎಕ್ಸ್‌ಪಿ, ನುಡಿ, ಪೇಜ್‌ಮೇಕರ್ ಮೂರೂ ಇದ್ದಂತೆಯೇ ಉಳಿದಿರುವ ಹಳೆಯ ಲ್ಯಾಪ್‌ಟಾಪ್ ಆ ಬೀಗಕ್ಕೆ ಕೀಲಿಕೈ ಇದ್ದಂತೆ. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಮೂಲವಾದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು ಎಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯಬಹುದು.

ಆದ್ದರಿಂದ ಮೊದಲ ಮಾತು: ಫಾರ್ಮ್ಯಾಟ್ ಮಾಡಿಸಬೇಡಿ. ಉಬ್ಬಿದ ಬ್ಯಾಟರಿ ಇದ್ದರೆ ಒತ್ತದೆ, ಚುಚ್ಚದೆ ಹೊರತೆಗೆದು ಬೇರೆ ಇಡಿ. ಬ್ಯಾಟರಿ ಕಳಚಬಹುದಾದ ಹಳೆಯ ಮಾಡೆಲ್‌ಗಳು ಹೆಚ್ಚಾಗಿ ಬರಿಯ ಚಾರ್ಜರ್‌ನಲ್ಲೇ ನಡೆಯುತ್ತವೆ. ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಗಾಬರಿ ಬೇಡ, ಒಳಗಿನ ನಾಣ್ಯದಂಥ ಪುಟ್ಟ ಸೆಲ್ ಮುಗಿದಿರುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿರುವುದರಿಂದ ಅದನ್ನು ಇಂಟರ್‌ನೆಟ್‌ಗೆ ಜೋಡಿಸದೆ ಪೆನ್ ಡ್ರೈವ್‌ನಲ್ಲಿ ಫೈಲುಗಳನ್ನು ಇಳಿಸಿಕೊಳ್ಳಿ. ಪೆನ್ ಡ್ರೈವ್ ಫ್ಯಾಟ್ 32 ಮಾದರಿಯಲ್ಲಿರಲಿ. ಲ್ಯಾಪ್‌ಟಾಪ್ ಏಳುವುದೇ ಇಲ್ಲವೆಂದಾದರೆ ಹಾರ್ಡ್ ಡಿಸ್ಕ್ ಕಳಚಿ ಲ್ಯಾಮಿಂಗ್ಟನ್ ರೋಡ್‌ಗೆ ಒಯ್ಯಿರಿ. ತೀರಾ ಹಳೆಯವಕ್ಕೆ ಐಡಿಇ, ಅನಂತರದವಕ್ಕೆ ಸಾಟಾ ಕೇಸ್ ಬೇಕಾಗುತ್ತದೆ. ಡಿಸ್ಕ್ ಕೈಯಲ್ಲಿದ್ದರೆ ಅಂಗಡಿಯವ ನೋಡಿ ಕೊಡುತ್ತಾನೆ.

ಮುಂದಿನದು ತಾಳ್ಮೆಯ ಕೆಲಸ. ಪುಟಗಳನ್ನು ಇದ್ದ ಹಾಗೆಯೇ ಪಿಡಿಎಫ್ ಮಾಡಿಡಿ, ಫೋಟೋ-ವಿನ್ಯಾಸ ಉಳಿಯುತ್ತದೆ. ಬರಹವನ್ನು ಮಾತ್ರ ಪ್ರತ್ಯೇಕವಾಗಿ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪುತ್ತವೆ. ಕುಳಿತು ಓದಿ ತಿದ್ದಬೇಕು. ಸಂಘದಲ್ಲಿರುವ ನಿವೃತ್ತ ಶಿಕ್ಷಕ ಬಂಧುಗಳಿಗೆ ಇದಕ್ಕಿಂತ ಒಪ್ಪುವ ಕೆಲಸ ಬೇರೆ ಸಿಗಲಾರದು. ಸ್ಥಾಪಕ ಸದಸ್ಯರ ಹೆಸರು, ಊರು, ಅಂದಿನ ದೇಣಿಗೆದಾರರ ಪಟ್ಟಿ ಇವನ್ನು ಬಲ್ಲವರು ನಮ್ಮ ನಡುವೆ ಇರುವಾಗಲೇ ಆಗಬೇಕಾದ ಕೆಲಸವಿದು.

ಇನ್ನೊಂದು ಉಪಯೋಗ ಅನೇಕರಿಗೆ ಹೊಳೆದಿರುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುತ್ತದೆ, ಇಂದಿನ ಹೆಚ್ಚಿನವುಗಳಲ್ಲಿ ಇಲ್ಲ. ವಾರ್ಷಿಕೋತ್ಸವದಲ್ಲಿ ಆಡಿಸಿದ ಯಕ್ಷಗಾನ, ತಾಳಮದ್ದಳೆ, ನಾಟಕಗಳ ವಿಸಿಡಿಗಳು ಪ್ರತಿ ಮನೆಯಲ್ಲಿ ಧೂಳು ಹಿಡಿದಿವೆ. ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆಸಿದ ಸಿಡಿಗಳ ಬಣ್ಣದ ಪದರ ವರ್ಷ ಕಳೆದಂತೆ ಮಾಸುತ್ತದೆ; ಈ ಮಳೆಗಾಲದ ಊರಿನಲ್ಲಿ ಬೂಸಲು ಬೇರೆ. ಒಂದು ಲ್ಯಾಪ್‌ಟಾಪನ್ನು ಸಿಡಿ ಇಳಿಸುವುದಕ್ಕೆಂದೇ ಮೀಸಲಿಟ್ಟು, ಭಾನುವಾರ ಸದಸ್ಯರಿಂದ ಸಿಡಿ ತರಿಸಿಕೊಂಡರೂ ಸಾಕು.

ಫೈಲುಗಳನ್ನು ಎರಡು ಕಡೆ ಉಳಿಸಿಕೊಂಡ ಮೇಲಷ್ಟೇ ಬೇರೆ ಯೋಚನೆ. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಇದ್ದರೆ ಉಚಿತ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಬಹುದು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಕೂರಿಸಿದರೆ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಟೈಪಿಂಗ್, ಗ್ರಂಥಾಲಯದ ಪುಸ್ತಕಪಟ್ಟಿ, ಸಭೆಯ ನಡಾವಳಿ ಸಲೀಸು. 32 ಬಿಟ್‌ನ ಮುದಿ ಯಂತ್ರಗಳಿಗೆ ಆಂಟಿಎಕ್ಸ್, ಪಪ್ಪಿ ಲಿನಕ್ಸ್‌ನಂಥವು ಇವೆ. ಆದರೆ ಇಂಥವನ್ನು ಬಡ ವಿದ್ಯಾರ್ಥಿಗೆ ಕೊಟ್ಟು ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವುದು ಮಾತ್ರ ಬೇಡ. ಆನ್‌ಲೈನ್ ಪಾಠದ ವಿಡಿಯೋ ಇದರಲ್ಲಿ ತೆವಳುತ್ತದೆ, ಮಗುವಿಗೆ ಬೇಸರವೇ ಉಳಿಯುತ್ತದೆ.

ಏನು ಮಾಡಿದರೂ ಏಳದವನ್ನು, ಉಬ್ಬಿದ ಬ್ಯಾಟರಿಗಳನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಒಪ್ಪಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಮರುಬಳಕೆ ಮಾಡುವವರಿಗೆ ನೋಂದಣಿ ಕಡ್ಡಾಯ. ಒಪ್ಪಿಸುವ ಮುನ್ನ ಹಾರ್ಡ್ ಡಿಸ್ಕ್ ತೆಗೆದಿಡಲು ಮರೆಯದಿರಿ. ಸದಸ್ಯರ ವಿಳಾಸ, ಫೋನು, ಬ್ಯಾಂಕ್ ವಿವರಗಳೆಲ್ಲ ಅದರಲ್ಲೇ ಇರುತ್ತವೆ.