ಲೋಗೋ ಬರುವಷ್ಟರಲ್ಲಿ ಮಾವು ಮುಗಿದಿತ್ತು

ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಮಾನ್ಯತೆ ಬಂತೆಂದು ಹಣ್ಣು ತನ್ನ ಸ್ವಭಾವ ಬಿಡಲಿಲ್ಲ. ಸಿಪ್ಪೆ ತೆಳು, ತಿರುಳು ಹೆಚ್ಚು, ಪರಿಮಳ ಜೋರು, ಬಾಳಿಕೆ ಕಡಿಮೆ. ಮೇ ತಿಂಗಳಲ್ಲಿ ಪೇಟೆ ತುಂಬ ಬುಟ್ಟಿ. ಜೂನ್ ಮೊದಲ ವಾರ ಮಳೆ ಹಿಡಿಯಿತೆಂದರೆ ಆ ವರ್ಷದ ಲೆಕ್ಕ ಚುಕ್ತಾ. ಇದರ ರಸವನ್ನು ಡಬ್ಬಿಗೆ ತುಂಬಿಟ್ಟು ಮಾರುವ ರೂಢಿ ಇಲ್ಲಿ ಬೆಳೆದದ್ದೂ ಅದಕ್ಕೇ.

ಮನೆಯಲ್ಲಿ ಮಾಡಿದ್ದನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟ ಕಾರವಾರ-ಅಂಕೋಲೆಯವರು ಮೊದಲು ನೋಡಿಕೊಳ್ಳಬೇಕಾದ್ದು ಈ ಕ್ಯಾಲೆಂಡರನ್ನು. ಸಾಮಾನ್ಯವಾಗಿ ಆಗುವುದು ಹೀಗೆ: ಫೆಬ್ರವರಿಯಲ್ಲಿ ಉತ್ಸಾಹ ಬರುತ್ತದೆ. ಮಾರ್ಚಿನಲ್ಲಿ ಯಾರಿಗೋ ಲೋಗೋ ಮಾಡಲು ಹೇಳುತ್ತಾರೆ. ಏಪ್ರಿಲ್‌ನಲ್ಲಿ ಲೋಗೋದ ಹಳದಿ ಇಶಾಡಿನ ಹಳದಿಯಂತಿಲ್ಲ ಎಂದು ವಾಪಸು ಕಳಿಸುತ್ತಾರೆ. ಒಳ್ಳೆಯ ಕ್ಯಾಮೆರಾ ಇರುವ ಅಣ್ಣನ ಮಗ ಬೆಂಗಳೂರಿನಿಂದ ಬರಲಿ, ಇಂಗ್ಲಿಷಿನಲ್ಲಿ ಚಂದ ಬರೆಯುವವರು ಸಿಗಲಿ, ವೆಬ್‌ಸೈಟು ಆಗಲಿ ಎಂದು ಕಾಯುತ್ತಾರೆ. ಮೇ ಕೊನೆಗೆ ಎಲ್ಲವೂ ಒಂದು ಹದಕ್ಕೆ ಬಂದಾಗ ಮಾರಲು ಹಣ್ಣು ಉಳಿದಿರುವುದಿಲ್ಲ. ಮುರುಗಲು ಸಿಪ್ಪೆಗೂ ಒಣಮೀನಿಗೂ ಇದೇ ಕಥೆ. ಬಿಸಿಲಿದ್ದಾಗಲೇ ಒಣಗಬೇಕು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಕಡಲಿಗಿಳಿಯುವುದಿಲ್ಲ.

ಈ ಕಾಯುವಿಕೆಯನ್ನು ಸೋಮಾರಿತನ ಎಂದರೆ ತಪ್ಪಾದೀತು. ಕಾಯುವವರು ಸಾಮಾನ್ಯವಾಗಿ ಕೆಲಸದಲ್ಲಿ ಬಹಳ ಚೊಕ್ಕ ಇರುವ ಜನ. ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗೋರ್ಡನ್ ಫ್ಲೆಟ್ 1991ರಲ್ಲಿ ಈ ಪರಿಪೂರ್ಣತೆಯ ಹಟವನ್ನು ಮೂರಾಗಿ ವಿಂಗಡಿಸಿದರು: ತನ್ನಿಂದ ತಾನೇ ಬಯಸುವುದು, ಬೇರೆಯವರಿಂದ ಬಯಸುವುದು, ಬೇರೆಯವರು ತನ್ನಿಂದ ಬಯಸುತ್ತಿದ್ದಾರೆಂದು ಭಾವಿಸುವುದು. ಅಮೆರಿಕ, ಕೆನಡಾ, ಬ್ರಿಟನ್ನಿನ 41,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದರಲ್ಲಿ, 1989ರಿಂದ 2016ರ ನಡುವೆ ಈ ಮೂರೂ ಏರಿದ್ದವು. ಎಲ್ಲಕ್ಕಿಂತ ಹೆಚ್ಚು, ಸುಮಾರು 33 ಪ್ರತಿಶತ, ಏರಿದ್ದು ಮೂರನೆಯದು.

ಅದು ವಿದೇಶದ ಹುಡುಗ ಹುಡುಗಿಯರ ಮಾತು, ನಿಜ. ಆದರೆ ಸಣ್ಣ ಊರಿನಲ್ಲಿ ಕಾಲು ಕಟ್ಟಿಹಾಕುವುದೂ ಆ ಮೂರನೆಯದೇ ಎಂದು ನನ್ನ ಅಂದಾಜು. ದೊಡ್ಡ ಕಂಪನಿಯ ಜಾಹೀರಾತನ್ನು ಅಪರಿಚಿತರು ನೋಡುತ್ತಾರೆ. ಅಂಕೋಲೆಯ ಗೃಹಿಣಿ ಹಾಕಿದ ವಾಟ್ಸಾಪ್ ಸ್ಟೇಟಸ್ಸನ್ನು ಮೊದಲು ನೋಡುವವರು ನಾದಿನಿ, ಮಗನ ಶಾಲೆಯ ಟೀಚರು, ಎದುರುಮನೆಯ ಅಕ್ಕ. 'ಇವಳೂ ಅಂಗಡಿ ಇಟ್ಳಾ?' ಎಂದಾರು ಎಂಬ ಅಳುಕು ಬಾಯಲ್ಲಿ ಬರುವಾಗ 'ಲೇಬಲ್ ಇನ್ನೂ ಸರಿಯಾಗಿಲ್ಲ' ಎಂದು ಬರುತ್ತದೆ. ಅಂಥವರಿಗೆ ಇನ್ನಷ್ಟು ಒಳ್ಳೆಯ ಲೇಬಲ್ ಮಾಡಿಕೊಟ್ಟರೆ ಏನೂ ಪ್ರಯೋಜನವಿಲ್ಲ. ಇನ್ನೊಂದು ನೆಪ ಹುಟ್ಟುತ್ತದೆ, ಅಷ್ಟೆ.

ಹಾಗಾದರೆ ಅಳುಕಿಲ್ಲದೆ ಮಾರುವವರು ಯಾರೂ ಇಲ್ಲವೇ? ಹಂಗಾಮಿನಲ್ಲಿ ಅಂಕೋಲೆ ಪೇಟೆಯ ರಸ್ತೆಬದಿಗೆ ಹೋಗಿ ನೋಡಿ. ಬುಟ್ಟಿಯ ಮುಂದೆ ಕೂತ ಹೆಂಗಸು ಫಲಕ ಬರೆಸಿಲ್ಲ. ಗಿರಾಕಿ ಅನುಮಾನಪಟ್ಟರೆ ಒಂದು ಹಣ್ಣನ್ನು ಮೂಗಿನ ಹತ್ತಿರ ಹಿಡಿಯುತ್ತಾಳೆ. ಇದು ಕರಿ ಇಶಾಡ, ಅದು ಬಿಳಿ ಇಶಾಡ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾಳೆ. ಇವತ್ತೇ ತಿನ್ನುವುದಾದರೆ ಇದು, ಎರಡು ದಿನ ಬಿಟ್ಟಾದರೆ ಇದು ಎಂದು ಆರಿಸಿಕೊಡುತ್ತಾಳೆ. ಆನ್‌ಲೈನ್ ಮಾರಾಟಕ್ಕೆ ಬೇಕಾದ ಮಾತೆಲ್ಲ ಅಲ್ಲೇ ಇದೆ: ಏನು, ಯಾವುದಕ್ಕಿಂತ ಹೇಗೆ ಬೇರೆ, ಯಾವಾಗ ತಿನ್ನಬೇಕು, ಎಷ್ಟು ರೂಪಾಯಿ.

ಪೇಟೆಯ ಈ ಮಾತು ಫೋನಿಗೆ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಕಡೆಯಲ್ಲೇ ಇದೆ. 2021ರಲ್ಲಿ, ಕೊರೊನಾ ಕಾಲದಲ್ಲಿ, ಬಾಳೆಕಾಯಿಯ ಬೆಲೆ ನೆಲಕಚ್ಚಿತ್ತು. ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು ವಾಟ್ಸಾಪ್ ಗುಂಪಿನ ಮೂಲಕ ಬಾಳೆಕಾಯಿ ಹುಡಿಯ ಅಭಿಯಾನಕ್ಕೆ ಚಾಲನೆ ಕೊಟ್ಟರು. ಜನ ಅದನ್ನು ಚುಟುಕಾಗಿ 'ಬಾಕಾಹು' ಎಂದರು. ಬಾಳೆಕಾಯಿ ಹೆಚ್ಚುವುದು, ಒಣಗಿಸುವುದು, ಹುಡಿ ಮಾಡುವುದು. ಅದರ ದೋಸೆ ಹುಯ್ದು, ಜಾಮೂನು ಕರಿದು, ಫೋಟೋ ತೆಗೆದು ಗುಂಪಿಗೆ ಹಾಕುವುದು. ಒಬ್ಬರದು ನೋಡಿ ಇನ್ನೊಬ್ಬರು ಮಾಡಿದರು. ಸ್ಟುಡಿಯೋ ಇರಲಿಲ್ಲ, ಬ್ರ್ಯಾಂಡ್ ಇರಲಿಲ್ಲ. ಅದೇ ವರ್ಷದ ಜುಲೈ 25ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರು ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮಹಿಳೆಯರ ಈ ಕೆಲಸವನ್ನು, ಅವರು ಫೋಟೋಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಂಡದ್ದನ್ನೂ ಸೇರಿಸಿ, ಪ್ರಸ್ತಾಪಿಸಿದರು.

1988ರಲ್ಲಿ ಶುರುವಾದ ಆ ಪತ್ರಿಕೆಯ ಧೋರಣೆಯೇ 'ಕೃಷಿಕರ ಕೈಗೆ ಲೇಖನಿ'. ಬರೆಯಲು ಬರುವುದಿಲ್ಲ ಎನ್ನುವವರ ಕೈಯಲ್ಲೇ ಬರೆಸುವ ಹಟ ಅದು. ಮೊಬೈಲ್ ಕಾಲದಲ್ಲಿ ಲೇಖನಿಯ ಜಾಗಕ್ಕೆ ಫೋನು ಬಂತು ಎನ್ನಬಹುದು.

ಹಾಗಂತ ಎಲ್ಲವನ್ನೂ ಹೇಗೋ ಮಾಡಿ ಎಂದು ಹೇಳುತ್ತಿಲ್ಲ. ಚೊಕ್ಕತನ ಬೇಕೇಬೇಕಾದ ಜಾಗಗಳಿವೆ, ವಿಚಿತ್ರವೆಂದರೆ ಲೋಗೋಕ್ಕೆ ತಿಂಗಳು ಕಳೆದವರು ಅಲ್ಲೇ ಜಾರುತ್ತಾರೆ. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದರ 14 ಅಂಕೆಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಏನೇನು ಹಾಕಿದ್ದೀರಿ, ನಿವ್ವಳ ತೂಕ, ಬೆಲೆ, ತಯಾರಿಸಿದ ದಿನ, ಎಲ್ಲಿಯವರೆಗೆ ಬಳಸಬಹುದು, ನಿಮ್ಮ ವಿಳಾಸ, ಸಸ್ಯಾಹಾರವಾದರೆ ಹಸಿರು ಚುಕ್ಕೆ: ಇಲ್ಲಿ ರಾಜಿಯಿಲ್ಲ. 'ಅಂಕೋಲಾ ಕರಿ ಇಶಾಡ' ಎಂಬ ಜಿಐ ಹೆಸರನ್ನೂ ಗುರುತನ್ನೂ ಹಾಕಿಕೊಳ್ಳುವುದಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಇವೆಲ್ಲ ಕಪ್ಪು ಅಕ್ಷರದಲ್ಲಿ, ಬಿಳಿ ಕಾಗದದ ಮೇಲೆ, ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿದರೂ ಸಾಕು. ಬಣ್ಣದ ಲೇಬಲ್ಲಿನಲ್ಲಿ ತಯಾರಿಸಿದ ದಿನವೇ ಇಲ್ಲದಿದ್ದರೆ ಅದು ಚಂದದ ತಪ್ಪು.

ಉಳಿದ ಕಡೆ ಎಲ್ಲಿಗೆ ಸಾಕು ಎನ್ನಬೇಕು ಎಂಬುದನ್ನು ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1956ರಲ್ಲೇ ಬೇರೆ ದಾರಿಯಲ್ಲಿ ಹೇಳಿದ್ದರು: ಎಲ್ಲ ಆಯ್ಕೆಗಳನ್ನೂ ತೂಗಿ ಅತ್ಯುತ್ತಮವನ್ನು ಹುಡುಕಲು ಜೀವಿಗಳಿಗೆ ಸಮಯವೂ ಶಕ್ತಿಯೂ ಇರುವುದಿಲ್ಲ, 'ಇಷ್ಟಿದ್ದರೆ ಸಾಕು' ಎಂಬ ಗೆರೆ ಇಟ್ಟುಕೊಂಡು, ಅದನ್ನು ದಾಟಿದ್ದನ್ನು ಒಪ್ಪಿಕೊಂಡು ಮುಂದೆ ಹೋಗುತ್ತವೆ. ಗೆರೆಯನ್ನು ಕೆಲಸಕ್ಕೆ ಮೊದಲೇ ಎಳೆದುಕೊಳ್ಳಬೇಕು ಎಂಬುದು ನಾವು ಸೇರಿಸಿಕೊಳ್ಳಬಹುದಾದ ಮಾತು. ನಂತರ ಎಳೆಯಲು ಹೋದರೆ ಅದು ಮೇಲೇರುತ್ತಲೇ ಇರುತ್ತದೆ.

ಫೋಟೋದ ಗೆರೆ ಎಲ್ಲಿರಲಿ? ಬೆಳಿಗ್ಗೆ ಎಂಟರ ಬೆಳಕಿನಲ್ಲಿ ಜಗಲಿ, ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಹಿಡಿ ಮುರುಗಲು ಸಿಪ್ಪೆ, ಪಕ್ಕದಲ್ಲಿ ಪೊಟ್ಟಣ. ಫ್ಲ್ಯಾಶ್ ಬೇಡ. ಬಣ್ಣ ನಿಜದಂತೆ ಕಂಡರೆ ಆಯಿತು. ಬರಹ ಇಷ್ಟು: 'ಈ ವರ್ಷದ ಮುರುಗಲು. ಬಿಸಿಲಲ್ಲಿ ಒಣಗಿಸಿದ್ದು. ಅರ್ಧ ಕಿಲೋ ಪೊಟ್ಟಣ, ಬೆಲೆ ಇಷ್ಟು, ಅಂಚೆ ಖರ್ಚು ಬೇರೆ. ಬೇಕಾದವರು ಇಲ್ಲಿಗೇ ಬರೆಯಿರಿ.' ಕನ್ನಡವೋ ಕೊಂಕಣಿಯೋ ಎಂದು ತಲೆಕೆಡಿಸಿಕೊಳ್ಳಬೇಡಿ. ಕಾರವಾರದ ರವಿವಾರದ ಸಂತೆಯಲ್ಲಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡುತ್ತೀರೋ ಅದರಲ್ಲೇ ಬರೆಯಿರಿ. ಕೈಗಾದಲ್ಲೋ ನೌಕಾನೆಲೆಯಲ್ಲೋ ಇದ್ದು ವರ್ಗವಾಗಿ ಹೋದ ಪರಿಚಯದವರಿದ್ದರೆ ಅವರಿಗೊಂದು ಹಿಂದಿ ಸಾಲು ಸೇರಿಸಿ. ಇಲ್ಲಿಯ ಗೇರುಬೀಜದ ರುಚಿ ಹತ್ತಿದವರು ಅವರು.

ವೆಬ್‌ಸೈಟು ಸದ್ಯಕ್ಕೆ ಬೇಡ. ವಾಟ್ಸಾಪ್ ಬಿಸಿನೆಸ್ ಭಾರತಕ್ಕೆ ಬಂದದ್ದು 2018ರಲ್ಲಿ, ಅದರಲ್ಲಿ ವಸ್ತುಗಳ ಕ್ಯಾಟಲಾಗ್ ಇಡುವ ಸೌಲಭ್ಯ ಸೇರಿದ್ದು 2019ರಲ್ಲಿ. ಎರಡೂ ಉಚಿತ. ಒಂದು ಸೂಕ್ಷ್ಮ ಗೊತ್ತಿರಲಿ: ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. 'ನಂಬರ್ ಸೇವ್ ಮಾಡ್ಕೊಳ್ಳಿ' ಎಂದು ಮೊದಲೇ ಕೇಳಿಕೊಳ್ಳಿ. ನಾದಿನಿಯ ಕಣ್ಣಿಗೆ ಬೀಳಲು ಮುಜುಗರವಾದರೆ ಸ್ಟೇಟಸ್ ಬಿಟ್ಟು, ಹತ್ತು ಗಿರಾಕಿಗಳ ಪಟ್ಟಿಯಿಂದಲೇ ಶುರುಮಾಡಬಹುದು. ಅವರು ಕೇಳುವ ಪ್ರಶ್ನೆಗಳನ್ನು ಒಂದು ನೋಟುಬುಕ್ಕಿನಲ್ಲಿ ಗುರುತುಹಾಕುತ್ತ ಹೋಗಿ: ಉಪ್ಪು ಹಾಕಿದ್ದೀರಾ, ಎಷ್ಟು ದಿನ ಇಡಬಹುದು, ಹುಬ್ಬಳ್ಳಿಗೆ ಕಳಿಸುತ್ತೀರಾ. ಹೆಚ್ಚು ಸಲ ಬಂದ ಪ್ರಶ್ನೆಯ ಉತ್ತರ ಮುಂದಿನ ಪೋಸ್ಟಿನ ಮೊದಲ ಸಾಲಾಗಲಿ.

ಜೂನ್ ಬಂದ ಮೇಲೆ ಅಂಗಳದಲ್ಲಿ ಒಣಗಿಸಲು ಏನೂ ಇರುವುದಿಲ್ಲ. ಲೋಗೋದ ಹಳದಿ ಯಾವುದಿರಬೇಕು, ಪೊಟ್ಟಣ ಕಾಲು ಕಿಲೋದ್ದಾಗಬೇಕೇ ಎಂಬ ಚರ್ಚೆಗೆ ಆ ಎರಡು ತಿಂಗಳು ಬೇಕಾದಷ್ಟು ಪುರಸೊತ್ತು. ಆಗ ಕೈಯಲ್ಲಿ ಗಿರಾಕಿಗಳ ಪ್ರಶ್ನೆ ತುಂಬಿದ ನೋಟುಬುಕ್ಕೂ ಇರುತ್ತದೆ.